ನಡಾವಳಿ

ಶೀಘ್ರಲಿಪಿಯ ಮೊದಲ ಪಾಠದಲ್ಲೇ
ಸೀತಾಪತಿ ಮೇಷ್ಟ್ರು ಹೇಳಿದ್ದರು:
ವ್ಯಂಜನ ಹಿಡಿ, ಸ್ವರ ಬಿಡು.
ಸ್ವರವನ್ನು ಆಮೇಲೆ
ನೆನಪಿನಿಂದ ತುಂಬಿಕೊಳ್ಳಬಹುದು.

ಇಪ್ಪತ್ತಾರು ವರ್ಷ ಹಾಗೇ ಬರೆದೆ
ಹಡ್ಸನ್ ಸರ್ಕಲ್ಲಿನ ಸಭಾಂಗಣದಲ್ಲಿ,
ಮೇಯರ್ ಪೀಠದ ಕೆಳಗೆ, ಫ್ಯಾನಿನ ಗಾಳಿ ತಾಗದ ಮೇಜಿನಲ್ಲಿ.
ಟೆಂಡರು, ಟಾರು, ರಾಜಕಾಲುವೆ, ಬೀದಿನಾಯಿ,
ಸಂತಾಪ, ಅಭಿನಂದನೆ, ಸಭಾತ್ಯಾಗ.
ಯಾರ ಮಾತೂ ನನ್ನ ಪೆನ್ಸಿಲ್ಲಿಗಿಂತ ಮುಂದೆ ಓಡಿದ್ದಿಲ್ಲ.

ಅಂಜಿನಮ್ಮ ಬಂದದ್ದು
ಅವರ ವಾರ್ಡಿನ ಮುಂದೆ ‘ಪ.ಜಾ. ಮಹಿಳೆ’ ಎಂದು ಅಚ್ಚಾದ ವರ್ಷ.
ಬಿನ್ನಿ ಮಿಲ್ಲಿನ ಹಿಂದಿನ ಕಾಲೊನಿಗೆ
ಪಕ್ಷದವರು ಹುಡುಕಿಕೊಂಡು ಹೋದಾಗ
ಕಸದ ಗಾಡಿ ತಳ್ಳಿ ಬಂದು ಮುದ್ದೆ ತಿರುವುತ್ತಿದ್ದಳಂತೆ ಆಕೆ.
(ಆಕೆ ಅಲ್ಲ, ಮಾನ್ಯ ಸದಸ್ಯರು.
ಈ ತಪ್ಪೂ ನನ್ನದೇ, ಇರಲಿ.)
‘ಸಹಿ ಒಂದು ಹಾಕಮ್ಮ ಸಾಕು,
ಮಿಕ್ಕಿದ್ದು ನಿನ್ನ ಯಜಮಾನ್ರು ನೋಡ್ಕೋತಾರೆ.’
ಯಜಮಾನರು ಸತ್ತು ಒಂಬತ್ತು ವರ್ಷವಾಗಿತ್ತು.
‘ಹಾಗಾದ್ರೆ ಮೈದುನ?’ ಅಂದರಂತೆ,
ಉಸಿರೂ ಬಿಡದೆ.

ಮೊದಲ ದಿನ ಹಾಜರಿ ಪುಸ್ತಕದ ಮುಂದೆ ನಿಂತು
ನನ್ನ ಕಡೆ ತಿರುಗಿ ನಕ್ಕರು:
‘ಇಲ್ಲಿ ಹೆಬ್ಬೆಟ್ಟು ಕೇಳಲ್ವಾ ಮೇಡಮ್?
ಮಸ್ಟರಿಂಗಲ್ಲಿ ಆ ಮಿಷಿನ್ನು ನನ್ನ ಬೆರಳೇ ಹಿಡೀತಿರಲಿಲ್ಲ.
ಗುಡ್ಸಿ ಗುಡ್ಸಿ ಗೆರೆ ಸವೆದೋಗಿ
ಬಂದ ದಿನಾನೂ ಗೈರು.’

ಮೂರನೇ ಸಭೆಯಲ್ಲಿ ಎದ್ದು ನಿಂತರು.
ಮೈಕಿನ ಕೆಂಪು ದೀಪ ಹತ್ತಲಿಲ್ಲ.
‘ಬೆಳಿಗ್ಗೆ ಐದಕ್ಕೆ ಬರೋ ಹೆಂಗಸ್ರು
ಮಧ್ಯಾಹ್ನದವರೆಗೂ ಎಲ್ಲಿಗೆ ಹೋಗ್ಬೇಕು ಸ್ವಾಮಿ?
ನೀರು ಕುಡಿಯೋದೇ ಬಿಟ್ಟಿದೀವಿ.’
ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು.
‘ಬಜೆಟ್ ಬಗ್ಗೆ ಮಾತಾಡಮ್ಮ.’
‘ಇದೇ ಬಜೆಟ್ಟು.’
ಗ್ಯಾಲರಿಯಿಂದ ಮೈದುನ ಕೈ ಮಾಡುತ್ತಿದ್ದ, ಕೂತ್ಕೋ, ಕೂತ್ಕೋ.
ಮೇಜು ಬಡಿತ, ಕೂಗು, ಗಂಟೆ.
ಅವರು ಕೂರಲಿಲ್ಲ. ನಾಲ್ಕು ನಿಮಿಷ.
ನನ್ನ ಪೆನ್ಸಿಲ್ಲೂ ನಿಲ್ಲಲಿಲ್ಲ. ಐದು ಪುಟ.

ಸಂಜೆ ನಡಾವಳಿ ಟೈಪು ಮಾಡಿದೆ:
‘ಸದಸ್ಯರು ಮಾತನಾಡಿದರು. ಗದ್ದಲ.’

ಹಾಗೆ ಬರೆ ಅಂತ ಯಾರೂ ಹೇಳಿರಲಿಲ್ಲ.
ಕಾರ್ಯದರ್ಶಿಗಳು ಆಗಲೇ ಮನೆಗೆ ಹೋಗಿದ್ದರು.
ಆರೂವರೆಗೆ ನನ್ನ ಬಸ್ಸಿತ್ತು.
ಎರಡನೇ ಮಹಡಿಯಲ್ಲಿ ಮಹಿಳಾ ಸಿಬ್ಬಂದಿಗೆಂದು ಒಂದು ಶೌಚಾಲಯ,
ಅದರ ಬೀಗದ ಕೈ
ನನ್ನ ಬ್ಯಾಗಿನಲ್ಲೇ ಇತ್ತು.

ಪಟ್ಟಿ ತಿರುಗಿತು. ಅವರ ವಾರ್ಡು ‘ಸಾಮಾನ್ಯ’ವಾಯಿತು.
ನಿಮ್ಮ ಸರದಿ ಮುಗೀತಲ್ಲಮ್ಮ, ಅಂದರಂತೆ ಅದೇ ಪಕ್ಷದವರು.
ಆಮೇಲೆ ಚುನಾವಣೆಯೇ ಇಲ್ಲ.
ಕುರ್ಚಿಗಳಿಗೆ ಪ್ಲಾಸ್ಟಿಕ್ ಹೊದಿಸಿದರು, ನಾನು ನಿವೃತ್ತಳಾದೆ.

ಮೊನ್ನೆ ಕಲಾಸಿಪಾಳ್ಯದ ನಿಲ್ದಾಣದಲ್ಲಿ ಸಿಕ್ಕರು,
ಕಂಕುಳಲ್ಲಿ ಅರ್ಜಿಗಳ ಕಟ್ಟು,
ತಲೆ ಅರ್ಧ ಬೆಳ್ಳಗೆ.
‘ಎಲೆಕ್ಷನ್ ಬಂದ್ರೆ ನಿಲ್ತೀನಿ ಮೇಡಮ್.
ಸಾಮಾನ್ಯ ಅಂದ್ರೆ
ನಾನೂ ಅಲ್ವಾ?’
ಬಸ್ಸು ಬಂತು. ಉತ್ತರ ಹೇಳಲಾಗಲಿಲ್ಲ ಅಂತ ಬರೆದರೆ
ಅದೂ ಇನ್ನೊಂದು ನಡಾವಳಿ.
ಹೇಳಲು ಸಮಯವಿತ್ತು.

ರಾತ್ರಿ ಅಟ್ಟದಿಂದ ಆ ನೋಟ್‌ಬುಕ್ಕು ಇಳಿಸಿದೆ.
ಐದು ಪುಟ, ಬರೀ ಗೆರೆ, ಕೊಕ್ಕೆ, ಚುಕ್ಕಿ.
ಒಂದೊಂದೇ ಸ್ವರ ತುಂಬುತ್ತ ಕೂತೆ,
ಅವರ ಗಂಟಲನ್ನು ನೆನೆಯುತ್ತ.
ನಾಲ್ಕು ಪುಟ ಬಂತು.
ಕೊನೆಯದರಲ್ಲಿ, ಗಂಟೆ ಬಾರಿಸಿದ ಹೊತ್ತಿನದು,
ಒಂದು ಕ, ಒಂದು ಳ, ಅಷ್ಟೇ.
ಕೊಳೆ ಇರಬಹುದು. ಕಳೆ? ಕೂಳು?
ಕೇಳಿ, ಅಂದಿದ್ದರೋ ಏನೋ.

ಊಹಿಸಿ ಬರೆಯಬಾರದು ಇನ್ನು.
ಬೆಳಿಗ್ಗೆ ಫೋನು ಮಾಡಬೇಕು,
ಐದಕ್ಕೆ ಮೊದಲೇ ಎದ್ದಿರುತ್ತಾರೆ,
ಅವರನ್ನೇ
ಕೇಳಬೇಕು.