ಬೆನ್ನು ತೋರಿಸು

ಮುಖ ಬೇಡ, ತಮ್ಮಾ. ಅದರ ಬೆನ್ನು ತೋರಿಸು.
ಮುಖದ ಮೇಲೆ ನೀಲಿ ದೀಪ, ಆರು ಚಿತ್ರದ ಬಟನು,
ಹಾಲಿನ ನೊರೆಯಲ್ಲಿ ಎಲೆ ಬಿಡಿಸಿದ ಫೋಟೋ,
ಅದೆಲ್ಲ ಹೆಣ್ಣು ನೋಡುವ ಸಂಜೆಯ ಪೌಡರು.
ನಾನು ಹದಿನೆಂಟು ವರ್ಷ ಕೋಡಿಬಾಗದಲ್ಲಿ
ಮಿಕ್ಸಿಗಳ ಹೊಟ್ಟೆ ಬಗೆದವಳು.
ತಿರುಪು ಎಲ್ಲಿವೆ ಹೇಳು.

ಗ್ರೀನ್ ಸ್ಟ್ರೀಟಿನ ಈ ತಂಪು ಅಂಗಡಿಯಲ್ಲಿ
ಎಲ್ಲವೂ ಹೊಳೆಯುತ್ತದೆ, ಒಪ್ಪಿದೆ.
ಹೊಳೆದದ್ದನ್ನೇ ಅಲ್ಲವೇ ಜನ ನನ್ನ ಮೇಜಿಗೆ ತರುವುದು
ಹಳೇ ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಕೂಸಿನಂತೆ,
ಅರಗಾದ ಕ್ವಾರ್ಟರ್ಸಿನಿಂದ, ಬೈತಖೋಲದಿಂದ,
ಸೇತುವೆ ದಾಟಿ ಸದಾಶಿವಗಡದಿಂದ.
"ನಿನ್ನೆ ರಾತ್ರಿ ಚೆನ್ನಾಗೇ ಇತ್ತು, ಶೇವಂತಿಬಾಯಿ."
ಸಾಯುವ ಮುನ್ನಾದಿನ ಎಲ್ಲವೂ ಚೆನ್ನಾಗೇ ಇರುತ್ತವೆ.

ಬಿಚ್ಚಿದರೆ ಉಪ್ಪು.
ತಾಮ್ರದ ತಂತಿಗೆ ಹಸಿರು ಹತ್ತಿರುತ್ತದೆ,
ಅಲ್ಯೂಮಿನಿಯಂ ಬಿಳಿ ಹಿಟ್ಟಾಗಿ ಉದುರುತ್ತದೆ,
ಎರಡು ವರ್ಷದ ಗ್ಯಾರಂಟಿ ಕಾರ್ಡು ಮಾತ್ರ
ಪ್ಲಾಸ್ಟಿಕ್ ಕವರಿನೊಳಗೆ ಗರಿಗರಿ.
ಈ ಊರಿನ ಗಾಳಿಗೆ ನಾಲಿಗೆ ಇದೆ, ತಮ್ಮಾ,
ಕಿಟಕಿ ಮುಚ್ಚಿದರೂ ಸಂದಿಯಲ್ಲಿ ನುಗ್ಗಿ ನೆಕ್ಕುತ್ತದೆ.

ಹುಡುಗ ರೋಯ್ಡನ್, ಅಂಗಿಯ ಮೇಲೆ ಹೆಸರು ಚುಚ್ಚಿದೆ.
"ಇಟಲಿಯದ್ದು ಅಕ್ಕಾ, ನೀವು ಎಂತದೂ ಮಾಡುವುದು ಬೇಡ,
ಬೀಜ ಹಾಕಿದರೆ ಅದೇ ಅರೆದು ಅದೇ ಸೋಸಿ ಕೊಡ್ತದೆ."
ಅರೆಯುವ ಚಕ್ರ ಪ್ಲಾಸ್ಟಿಕ್ಕಿನದೋ, ಉಕ್ಕಿನದೋ?
ಪುಸ್ತಕ ತಿರುಗಿಸಿದ.
ಒಳಗಿನ ಆ ಗೂಡು ಹೊರಗೆ ಬರ್ತದಾ, ನಲ್ಲಿಯಲ್ಲಿ ತೊಳೆಯಲು?
"ಕಂಪನಿಯವರು ಬರ್ತಾರೆ, ಹುಬ್ಬಳ್ಳಿಯಿಂದ."
ಒಂದು ವಾಶರಿಗಾಗಿ ಘಟ್ಟ ಇಳಿದು ಬರುವ ಆ ಪುಣ್ಯಾತ್ಮನನ್ನು
ನಾನಿನ್ನೂ ನೋಡಬೇಕಷ್ಟೇ.
ಒಳಗೆ ಬಿಳಿ ಪೊರೆ ಕಟ್ಟಿದರೆ
ಒಂಬೈನೂರು ರೂಪಾಯಿಯ ಔಷಧಿಯಂತೆ, ಬಾಟಲಿಯಲ್ಲಿ.
ಊರಿನ ನಿಂಬೆ ಮರಗಳೆಲ್ಲ ಸತ್ತವೇ?

ಚೀಲದಿಂದ ಅಯಸ್ಕಾಂತ ತೆಗೆದೆ, ಒಡೆದ ಸ್ಪೀಕರಿನದು.
ಮೊದಲನೆಯದರ ಬೆನ್ನಿಗೆ ಟಕ್ಕೆಂದು ಅಂಟಿತು:
ಹೊಳಪು ಬಳಿದ ಬರೀ ಕಬ್ಬಿಣ.
ಎರಡನೆಯದಕ್ಕೆ ತಿರುಪೇ ಇಲ್ಲ, ಗೋಂದು.
ಅಂಟಿಸಿದವನಿಗೆ ಬಿಚ್ಚುವವಳ ನೆನಪೇ ಬಂದಿಲ್ಲ.
ಮೂರನೆಯದು ಮೂಲೆಯಲ್ಲಿ ಧೂಳು ಹೊದ್ದು ಕೂತಿತ್ತು,
ಗಿಡ್ಡ, ಕಪ್ಪು, ಒಂದೇ ಬಟನು, ಅಂಚೆ ಡಬ್ಬಿಯ ಚೆಲುವು.
ಬೆನ್ನಲ್ಲಿ ನಾಲ್ಕು ತಿರುಪು, ಕಣ್ಣಿಗೆ ಕಾಣುವಂತೆ.
ಅಯಸ್ಕಾಂತ ಜಾರಿ ನೆಲಕ್ಕೆ ಬಿತ್ತು.

"ಅದು ಹಳೇ ಮಾಡೆಲ್, ಯಾರೂ ಕೇಳುದಿಲ್ಲ."
ಕಟ್ಟು ಅದನ್ನೇ.
ಚೀಟಿ ಎತ್ತಿದ ದುಡ್ಡು, ಮೂವತ್ತೊಂದು ಸಾವಿರ,
ಎಣಿಸುವಾಗ ನಾದಿನಿಯ ದನಿ ಕಿವಿಯಲ್ಲೇ ಇತ್ತು:
"ಎಂತಕ್ಕೆ? ಫಿಲ್ಟರ್ ಇಲ್ವಾ? ಕೈ ಇಲ್ವಾ?"

ಕೈ ಇದೆ. ಅದೇ ತಕರಾರು.
ಮಾವನಿಗೆ ಬೆಲ್ಲದ್ದು, ಗಂಡನಿಗೆ ಕಡಕ್,
ಕಾದು ಕೂತ ಗಿರಾಕಿಗೆ ಅರ್ಧ ಲೋಟ,
ಈ ಕೈ ಇಳಿಸಿದ ಡಿಕಾಕ್ಷನ್ ಕಾಳಿ ನದಿಗೆ ಸುರಿದರೆ
ಭರತದ ನೀರಿಗೆ ಬಣ್ಣ ಬಂದೀತು.
ಬೆಳಗ್ಗೆ ಒಂದೇ ಒಂದು ಲೋಟ
ನಾನು ಮಾಡದೆ ನನ್ನ ಮುಂದೆ ಬರಲಿ.
ಮಾಡಿಕೊಡುವವರು ಇಲ್ಲ ಅಂತಲ್ಲ.
ಕೇಳಬೇಕಾಗುತ್ತದೆ.

ಮನೆಗೆ ತಂದು, ಥರ್ಮಾಕೋಲು ಕಿತ್ತು,
ಪ್ಲಗ್ಗು ಚುಚ್ಚಿ, ಬಟನಿನ ಮೇಲೆ ಬೆರಳಿಟ್ಟೆ.
ಇಟ್ಟ ಬೆರಳು ಹಿಂದೆ ತೆಗೆದೆ.
ಪ್ಲಗ್ಗು ಕಿತ್ತು, ಟವೆಲು ಹಾಸಿ, ಬೋರಲು ಮಲಗಿಸಿ
ನಾಲ್ಕೂ ತಿರುಪು ಬಿಚ್ಚಿದೆ.
ಒಳಗೆ ಇನ್ನೂ ಊರ ಗಾಳಿ ಕಾಣದ ತಾಮ್ರ,
ಹುಟ್ಟಿದ ಮಗುವಿನ ಅಂಗಾಲಿನ ಬಣ್ಣ.
ಜೋಡಣೆಗಳಿಗೆಲ್ಲ ವಾರ್ನಿಶು ಮುಟ್ಟಿಸಿ,
ಮೂರು ತಿರುಪಿನ ಕೊರಳಿಗೆ
ದೋಣಿ ಇಂಜಿನಿನ ಗ್ರೀಸು ಸವರಿ ಕೂರಿಸಿದೆ.

ಅಷ್ಟರಲ್ಲಿ ಗಂಡ ಬಾಗಿಲಲ್ಲಿ ನಿಂತು
"ಆಯ್ತಾ ಕಾಫಿ?" ಅಂದ.
ನಾಲ್ಕನೇ ತಿರುಪು ಹಲ್ಲಲ್ಲಿ ಕಚ್ಚಿಕೊಂಡಿದ್ದೆ,
ಉತ್ತರಿಸಲಿಲ್ಲ.