ವನ್ನೂರಪ್ಪನ ಒತ್ತು

ರಾಯದುರ್ಗದ ಗುಡ್ಡದ ಕೆಳಗೆ, ತಗಡಿನ ಸೂರಿನಡಿ
ಹದಿನಾಲ್ಕು ಮಿಷಿನ್ನು, ಜೀನ್ಸಿನ ಧೂಳು.
ಸೀನಿದರೂ ನೀಲಿ.
ನನ್ನದು ಬಾಗಿಲ ಪಕ್ಕದ ಸ್ಟೂಲು, ಪೀಸಿನ ಲೆಕ್ಕ:
ಯಾರು ಎಷ್ಟು ಜೇಬು, ಎಷ್ಟು ಜಿಪ್ಪು,
ಯಾರ ಕೈಯ ಪ್ಯಾಂಟು ವಾಪಸು ಬಂತು.

ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಇಲಿ ಬಂದು
ಒಂದು ತಿಂಗಳ ಕೂಲಿಯನ್ನೇ ತಿಂದು ಹೋಯಿತು.
ಆಗ ಇಳಿಸಿಕೊಂಡೆ, ಪುಕ್ಕಟೆ ಸಿಗುವ ಆ ಫ್ರೇಮ್‌ವರ್ಕು.
ಫೋನಿನ ನೆಟ್ಟಿಗೆ ಹಳೇ ಲ್ಯಾಪ್‌ಟಾಪು ಗಂಟುಹಾಕಿ
ಒಂದು ಸಾಲು ಒತ್ತಿ ಕೂತರೆ
ದೀಪಕ್ಕೆ ಮುತ್ತುವ ಹುಳದ ಹಾಗೆ ಕಡತಗಳು;
ತೊಂಬತ್ತರ ಹತ್ತಿರ ಕರೆಂಟು ಹೋಯಿತು.
ಮತ್ತೆ ಮೊದಲಿಂದ.
ಮೂರನೇ ರಾತ್ರಿ ಬಿಳೀ ಪುಟದಲ್ಲಿ ನಾನೇ ಬರೆದ ನಮಸ್ಕಾರ
ನನಗೇ ಕೈಮುಗಿಯಿತು.
ಲೂಪ್ ಎಂಬ ಪಾಠ ಬಂದಾಗ ನಗು.
ನಮ್ಮಲ್ಲಿ ಲೂಪು ಅಂದರೆ ಬೆಲ್ಟು ತೂರುವ ಪಟ್ಟಿ,
ಪ್ಯಾಂಟಿಗೆ ಐದು, ಐದಕ್ಕೆ ಒಂದು ರೂಪಾಯಿ.

ಶನಿವಾರ ಕೂಲಿ ಪಟ್ಟಿ ಗೋಡೆಗೆ ಹಚ್ಚಿದೆ.
ವನ್ನೂರಪ್ಪ ಕನ್ನಡಕ ಏರಿಸಿ ನೋಡಿದ:
"ಏನವ್ವ ಮಾಬುನ್ನಿ, ನನ್ನ ಕಾಲೇ ಕತ್ರಿಸಿದ್ದಿ."
ಹೌದು. ವನ್ನೂರಪ್ ಅಂತ ನಿಂತಿತ್ತು ಹೆಸರು,
ಪಕಾರದ ತಲೆಗೆ ಕೊಕ್ಕೆ, ಕೆಳಗೆ ಬರಿದು,
ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಇಟ್ಟ ಹೆಜ್ಜೆ.
ತಿಪ್ಪೇಸ್ವಾಮಿ ತಿಪ್ಪೇಸ್ ಆಗಿದ್ದ.
ಹುಸೇನಮ್ಮ ಗೆರೆಯ ಅಂಚಲ್ಲಿ ಪಾರು.
ರೇಷನ್ ಕಾರ್ಡಿನಲ್ಲಿ ಇವರೆಲ್ಲ ತೆಲುಗಿನಲ್ಲಿದ್ದಾರೆ, ಪೂರ್ತಿ.
ಕನ್ನಡದಲ್ಲಿ ಇರುವುದು ಈ ಗೋಡೆಯ ಮೇಲೆ ಮಾತ್ರ,
ಅದೂ ಮೊಂಡಾಗಿ.

ರಾತ್ರಿ ಬಿಚ್ಚಿ ನೋಡಿದೆ.
ಒಳಹೊಲಿಗೆ ಕಾಣುವಂತೆ ತಿರುವಿಟ್ಟ ಪ್ಯಾಂಟಿನ ಹಾಗೆ
ಎಲ್ಲ ತೆರೆದೇ ಇತ್ತು, ಯಾರು ಬೇಕಾದರೂ ನೋಡಲಿ ಅಂತ.
ಕತ್ತರಿ ಅದರ ಹೊಟ್ಟೆಯಲ್ಲೇ ಇತ್ತು.
ನಾನು ಎಂಟು ಅಂದಿದ್ದೆ, ಅದು ಎಂಟು ಎಣಿಸಿ ಕತ್ತರಿಸಿತ್ತು.
ಬಾಯಿಗೆ ವನ್ನೂರಪ್ಪ ನಾಲ್ಕೇ ಅಕ್ಷರ,
ಯಂತ್ರಕ್ಕೆ ಒಂಬತ್ತು.
ಒಂಬತ್ತನೆಯದು ಅವನ ಒತ್ತು.

ಹುಡುಕಲು ಹನ್ನೊಂದು ದಿನ, ತಿದ್ದಲು ಮೂರು ಸಾಲು:
ಕತ್ತರಿ ಬೀಳುವಲ್ಲಿ ಕೊಕ್ಕೆಯಿದ್ದರೆ ತಡಿ,
ಒತ್ತು ಮುಗಿಯಲಿ, ಆಮೇಲೆ ಕತ್ತರಿಸು.
ಇದನ್ನವರು ಪ್ಯಾಚ್ ಅನ್ನುತ್ತಾರೆ. ತೇಪೆ!
ಅಷ್ಟು ನನಗೆ ಗೊತ್ತು.
ಆದರೂ ಕಳಿಸುವಾಗ ಬೆರಳು ತಡೆಯಿತು;
ನನ್ನ ಇಂಗ್ಲಿಷು ಸೈಜಿನ ಚೀಟಿ ಓದುವಷ್ಟು.

ತೊರ್‌ಸ್ಟೆನ್ ಅಂತೆ, ಯಾವ ದೇಶವೋ. ಉತ್ತರ ಬಂತು:
ಸಾಲಿನ ಮುಂದೆ ಜಾಗ ಸರಿಯಾಗಿ ಬಿಟ್ಟಿಲ್ಲ, ತಿದ್ದು.
ತಿದ್ದಿದೆ. ಮತ್ತೆ ವಾಪಸು.
ನಮ್ಮ ಮೇಸ್ತ್ರಿಯೂ ಹೀಗೇ, ಹೊಲಿಗೆ ಬಿಚ್ಚಿಸದೆ ಬಿಡುವವನಲ್ಲ.
ಮೂರನೇ ಸಲ ಬರೆದಿದ್ದ:
ಈ ಲಿಪಿ ನನಗೆ ಓದಲು ಬಾರದು.
ಸರಿಯಿದೆಯೆಂದು ನನಗೂ ತಿಳಿಯುವಂಥ ಪರೀಕ್ಷೆ ಬರೆದುಕೊಡು.

ಪರೀಕ್ಷೆಗೆ ಹೆಸರು ಬೇಕಿತ್ತು.
ತಲೆಯೆತ್ತಿದೆ. ಮಿಷಿನ್ನಿನ ಮೇಲೆ ಬಗ್ಗಿದ ಬೆನ್ನುಗಳು.
ಸಾಲಾಗಿ ಬರೆದೆ: ವನ್ನೂರಪ್ಪ, ತಿಪ್ಪೇಸ್ವಾಮಿ,
ಕಾಜಾ ಹಾಕುವ ಸುಂಕಮ್ಮ, ಇಸ್ತ್ರಿಯ ಹುಸೇನಮ್ಮ,
ಬಿಟ್ಟುಹೋದ ಹನುಮಕ್ಕನನ್ನೂ.

ಸೇರಿಸಿಕೊಂಡರು.
"ಎಷ್ಟು ಕೊಟ್ರು?" ಅಂದ ವನ್ನೂರಪ್ಪ.
ಏನಿಲ್ಲ.
"ಮತ್ಯಾಕೆ?"
ಉತ್ತರ ಹೊಳೆಯಲಿಲ್ಲ. ಇಲಿ ತಿಂದ ತಿಂಗಳು ನೆನಪಾಯಿತು.
ಎಲ್ಲರೂ ಬಾಯಲ್ಲೇ ಲೆಕ್ಕ ಹೇಳಿದ್ದರು,
ಒಬ್ಬರೂ ಒಂದು ಜೇಬು ಹೆಚ್ಚು ಹೇಳಲಿಲ್ಲ.
ಅದನ್ನು ಹೇಳೋಣವೆಂದರೆ ಅವನಾಗಲೇ
ಮಿಷಿನ್ನಿಗೆ ಎಣ್ಣೆ ಬಿಡುತ್ತಿದ್ದ.

ಈಗ ಎಲ್ಲೋ ಯಾರೋ ಒಂದು ಸಾಲು ತಿದ್ದಿದರೂ
ಕಾಣದ ಯಂತ್ರವೊಂದು ಎದ್ದು
ಇವನ ಹೆಸರನ್ನು ಕತ್ತರಿಗೆ ಒಡ್ಡಿ ನೋಡುತ್ತದೆ.
ಪೂರ್ತಿ ಉಳಿದರೆ ಹಸಿರು.
ಇಲ್ಲವಾದರೆ ಎಲ್ಲರ ಕೆಲಸವೂ ಅಲ್ಲೇ ನಿಲ್ಲುತ್ತದೆ.

ಇವನಿಗೆ ಅದರ ಗೊಡವೆಯಿಲ್ಲ. ಜಿಪ್ಪು ಕೂರಿಸಿ,
ದಾರ ಹಲ್ಲಲ್ಲಿ ಕಡಿದು, ನನ್ನ ಕಡೆ ಎಸೆಯುತ್ತಾನೆ:
"ನಲವತ್ತೊಂದು. ಬರ್ಕೋ."