ಹುಣಸೆಬೀಜದ ಲೆಕ್ಕ

ಮೂರನೆಯ ಬೆಳಿಗ್ಗೆಯೂ ಬ್ಯಾಟರಿ ಸತ್ತಿತ್ತು.
ಪಾಂಡವಪುರದಾಚೆ ನಾಲೆ ಏರಿಯ ಮೇಲೆ
ತೂಬಿನ ಪಕ್ಕದ ಕಂಬಕ್ಕೆ ಬಿಗಿದ ತಗಡಿನ ಪೆಟ್ಟಿಗೆ;
ಒಳಗೆ ಅಂಗೈಯಗಲ ಬೋರ್ಡು,
ಎರಡೇ ತಂತಿಯ ಒಂದು ಬಸ್ಸು,
ಅದಕ್ಕೆ ಜೋತುಬಿದ್ದ ನಾಲ್ಕು ಮಕ್ಕಳು:
ನೀರಿನ ಮಟ್ಟ ನೋಡುವುದು, ಮಳೆ ಅಳೆಯುವುದು,
ಗೇಟು ಎತ್ತುವುದು,
ಮತ್ತೆ ಹೊತ್ತು ಕಾಯುವ ಗಡಿಯಾರದ ಚಿಪ್ಪು.

ನೀರುಗಂಟಿ ಮಾರಸಿದ್ದಯ್ಯನಿಗೆ ಬಸ್ಸೆಂದರೆ
ಮೇಲುಕೋಟೆಗೆ ಹೋಗುವ ಕೆಂಪು ಬಸ್ಸು.
"ಇದ್ರೊಳಗೆ ಡ್ರೈವರ್ ಎಲ್ಲವ್ನೆ?" ಅಂದ.
ನಾನೇ ಬರೆದದ್ದು, ಅಂದೆ. ನಗಲಿಲ್ಲ.
"ನಿದ್ದೆ ಮಾಡ್ತಾನಾ?"
ಮಾಡಬೇಕು. ಮಾಡುತ್ತಿಲ್ಲ. ಅದಕ್ಕೇ ಬಂದದ್ದು.

ಮೊದಲ ವಾರ ನಾನು
ಮಕ್ಕಳಿಗಿಂತ ಮುಂಚೆ ಬಸ್ಸನ್ನೇ ಮಲಗಿಸಿಬಿಟ್ಟಿದ್ದೆ.
ಎಚ್ಚರವಿದ್ದ ಮಗು ಕೂಗಿತು, ತಂತಿಯಲ್ಲಿ ಉತ್ತರವಿಲ್ಲ,
ಕಾದು ಕಾದು ಮೈನಸ್ ನೂರಹತ್ತು ಎಂದು ಬರೆದು ಸುಮ್ಮನಾಯಿತು.
ಮಾರಸಿದ್ದಯ್ಯನಿಗೆ ಹೇಳಿದರೆ ಬೈದ:
"ಗದ್ದೆ ಬಾಯಿ ಕಟ್ದೆ ತೂಬು ಇಳಿಸ್ತಾರಾ ಯಾರಾದ್ರೂ?
ಕಟ್ಟೋವಾಗ ಕೆಳಗಿಂದ, ಬಿಡೋವಾಗ ಮ್ಯಾಗಿಂದ."
ಮೂರು ಪುಟದ ದಾಖಲೆ ಓದಿ ನಾನು ಕಲಿತದ್ದು ಅಷ್ಟೇ.

ಅದನ್ನು ತಿದ್ದಿಯಾಗಿತ್ತು. ಆದರೂ ನಿದ್ದೆಯಿಲ್ಲ.
ಹೆಬ್ಬಾಳದ ಲ್ಯಾಬಿನಲ್ಲಿ ಫರ್ಹಾನಾಳ ಮೇಜಿನ ಮೇಲೆ
ಇದೇ ಬೋರ್ಡು ಹೇಳಿದ ಕೂಡಲೇ ಮಲಗುತ್ತದೆ.
ಇಲ್ಲಿ ಎಣಿಕೆ ಒಂದಕ್ಕೆ ಬಂದು ನಿಲ್ಲುತ್ತದೆ,
ಸೊನ್ನೆಗೆ ಇಳಿಯುವುದೇ ಇಲ್ಲ.
ಯಾರೋ ಬಸ್ಸನ್ನು ಹಿಡಿದಿದ್ದಾರೆ, ಬಿಟ್ಟಿಲ್ಲ.

ತೂಬಿನ ಗೂಡಿನಲ್ಲಿ ಒಂದು ತೆಂಗಿನ ಕರಟ,
ಅದರೊಳಗೆ ಹುಣಸೆಬೀಜ.
"ನೀರು ಬೇಕಾದೋರು ಒಂದು ಹಾಕ್ತರೆ,
ಆದ್ಮ್ಯಾಕೆ ತಕ್ಕೊಂಡೋಯ್ತರೆ.
ಕರಟ ಬರಿದಾದ್ರೆ ಇಳಿಸ್ತೀನಿ."
ಆಗಲೇ?
"ಇಲ್ಲವ್ವ, ಒಂದು ಬೀಡಿ ಹೊತ್ತು ಕಾಯ್ತೀನಿ.
ಇಳಿಸಿದ ಗಳಿಗೇಲೇ ಇನ್ನೊಬ್ಬ 'ಅಣ್ಣೋ' ಅಂತ ಓಡ್ಬತ್ತನೆ.
ಮತ್ತೆ ಎತ್ತೋ ತೋಳು ಯಾರ್ದು?"

ನನ್ನ ಕೋಡಿನಲ್ಲಿ ಆ ಬೀಡಿಯ ಉದ್ದ
ಎರಡು ಸಾವಿರ ಮಿಲಿಸೆಕೆಂಡು.
ಯಾರೋ ಎಂದೋ ಹಾಕಿದ ಸಂಖ್ಯೆ, ನಾನೂ ಕೇಳಿರಲಿಲ್ಲ.

ಬೀಜ ತೆಗೆಯೋದು ಮರೆತರೆ?
"ಸಣ್ಣಮರಿ ಮರ್ತಿದ್ದ.
ಬದಿನ ಮ್ಯಾಲೆ ಹಾವು ಕಂಡು ಹಂಗೇ ಮನೆಗೆ ಓಡೋದ.
ಬೀಜ ಕರಟದಾಗೇ ಉಳೀತು, ರಾತ್ರಿಯೆಲ್ಲ ನೀರು.
ಬೆಳಗಾಗೋದ್ರೊಳಗೆ ಕೆಳಗಿನ ಬದ ಕಿತ್ತೋಗಿತ್ತು."

ಹಾವು.
ಕಟ್ಟೆಯ ಮೇಲೆ ಲ್ಯಾಪ್‌ಟಾಪು ಬಿಚ್ಚಿ ಹುಡುಕಿದೆ:
ನನ್ನ ಸಾಲುಗಳಲ್ಲಿ ಹಾವು ಕಂಡು ಓಡುವವರು ಯಾರು?
ಮಳೆಮಾಪಕ. ಅದರ ಕನೆಕ್ಟರಿಗೆ ತುಕ್ಕು.
ಮೈಸೂರಿನ ಮೇಜಿಗೆಲ್ಲಿಯ ತುಕ್ಕು!
ಓದಲು ಹೋಗಿ, ಬಸ್ಸು ಎಬ್ಬಿಸಿ, ಎಣಿಕೆ ಏರಿಸಿ,
ತಪ್ಪು ಕಂಡು ಅಡ್ಡದಾರಿಯಲ್ಲಿ ಹಿಂದಿರುಗುತ್ತದೆ.
ಆ ಅಡ್ಡದಾರಿಯಲ್ಲಿ ನಾನು ಕರಟವನ್ನೇ ಇಟ್ಟಿರಲಿಲ್ಲ.

ಒಂದು ಸಾಲು. ಓಡು, ಆದರೆ ಬೀಜ ತಕ್ಕೊಂಡು ಓಡು.

ಸಂಜೆ ಮಕ್ಕಳು ಮಲಗಿದರು, ಆಮೇಲೆ ಬಸ್ಸು.
ಗಡಿಯಾರಕ್ಕೆ ಮಾತ್ರ ಒಂದು ಕಣ್ಣು ಬಿಟ್ಟುಕೊಂಡಿರಲು ಅಪ್ಪಣೆ.
ಮೀಟರಿನ ಅಂಕಿ ಇಳಿದು, ಇಳಿದು,
ಇದೆಯೋ ಇಲ್ಲವೋ ಎಂಬಲ್ಲಿ ನಿಂತಿತು.
ನಾಲೆಯ ಸದ್ದು ಆಗ ಕೇಳಿಸಿತು.

ಪೆಟ್ಟಿಗೆಯ ಬಾಗಿಲು ಹಾಕುವಾಗ ಕೇಳಿದ:
"ಇದು ಹೊತ್ತೊತ್ತಿಗೆ ಎದ್ದು ಗೇಟು ನೋಡ್ಕಂಡ್ರೆ
ನಾನು ಮಲಗ್ಬೋದಾ, ಅವ್ವ?"
ಇಲಾಖೆಯ ಕಾಗದದಲ್ಲಿ ಅದಕ್ಕೆ ಉತ್ತರವಿತ್ತು.
ಓದಿದ್ದೆ. ಹೇಳಲಿಲ್ಲ. ಸ್ಕ್ರೂ ತಿರುಗಿಸುತ್ತಾ ಇದ್ದೆ.

ಹನ್ನೆರಡು ದಿನ ಬಿಟ್ಟು ಹೋದರೆ ಬ್ಯಾಟರಿ ತುಂಬಿತ್ತು,
ಗೇಟು ತಾನಾಗಿ ಇಳಿದಿತ್ತು, ಗದ್ದೆ ಬಾಯಿಗಳೆಲ್ಲ ಕಟ್ಟಿದ್ದವು.
ಗೂಡಿನ ಕರಟದಲ್ಲಿ ಮಾತ್ರ ಒಂದು ಬೀಜ.
ಯಾರೋ ಮರೆತಿದ್ದಾರೆ, ಅಂದೆ, ಕೈ ಹಾಕಿದೆ.
"ಬುಡು, ಅದು ನಂದು," ಅಂದ.
"ಎಣಿಸ್ಬ್ಯಾಡ."